ಒಳಗೆ ಕಾಲಿಡುವ ಮುನ್ನ ಒಂದು ಬೋಂಜೂರ್

ಮಗಳೇ,

ನೀವಿಬ್ಬರೂ ಫ್ರಾನ್ಸಿಗೆ ಟಿಕೆಟ್ ಮಾಡಿಸಿದ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಹೋಟೆಲು, ಐಫೆಲ್ ಗೋಪುರದ ಟಿಕೆಟ್ಟು, ಯಾವ ದಿನ ಎಲ್ಲಿ ಅನ್ನುವ ಲೆಕ್ಕವನ್ನೆಲ್ಲ ನೀವೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತೀರಿ, ಅದರಲ್ಲಿ ನನ್ನದೇನೂ ಇಲ್ಲ. ನಿಮ್ಮ ದೊಡ್ಡಪ್ಪನ ಕೆಲಸದ ದೆಸೆಯಿಂದ ಲಿಯೋಂ ಊರಿನಲ್ಲಿ ಸಂಸಾರ ಮಾಡಿ ಬಂದವಳು ನಾನು. ಅಲ್ಲಿನ ಜನರ ನಡುವೆ ಹೇಗೆ ಇರಬೇಕು, ಏನು ತಿನ್ನಬೇಕು, ಎಲ್ಲಿ ಹುಷಾರಾಗಿರಬೇಕು ಅನ್ನುವುದನ್ನು ಹೇಳಬೇಕು ಅನ್ನಿಸಿತು. ಅಳಿಯಂದಿರಿಗೂ ಓದಿ ಹೇಳು.

ಫ್ರೆಂಚರಿಗೆ ಜಂಬ ಜಾಸ್ತಿ, ಇಂಗ್ಲಿಷಿನಲ್ಲಿ ಕೇಳಿದರೆ ಮುಖ ತಿರುಗಿಸುತ್ತಾರೆ ಅಂತ ಹೋಗಿಬಂದವರು ಹೇಳುವುದನ್ನು ನೀನೂ ಕೇಳಿರುತ್ತೀಯ. ನಾನು ಅದನ್ನು ಒಪ್ಪುವುದಿಲ್ಲ. ಅಲ್ಲಿ ಅಂಗಡಿಯಾಗಲಿ, ಹೋಟೆಲಾಗಲಿ, ಔಷಧಿ ಅಂಗಡಿಯಾಗಲಿ, ಅದು ಮೊದಲು ಅಲ್ಲಿ ನಿಂತಿರುವವರ ಜಾಗ, ಆಮೇಲೆ ವ್ಯಾಪಾರ. ಹೊಸ್ತಿಲು ದಾಟುತ್ತಿದ್ದಂತೆ ಮುಖ ನೋಡಿ 'ಬೋಂಜೂರ್ ಮದಾಮ್' ಅಥವಾ 'ಬೋಂಜೂರ್ ಮಸ್ಯೂ' ಅನ್ನಬೇಕು. ಅದು ಹೇಳದೆ 'ಎಕ್ಸ್‌ಕ್ಯೂಸ್ ಮಿ, ಇದೆಷ್ಟು' ಅಂದರೆ, ಗುರುತಿಲ್ಲದವರ ಮನೆಯ ಜಗುಲಿ ಹತ್ತಿ, ಯಾರನ್ನೂ ಮಾತಾಡಿಸದೆ ನೇರ ಅಡಿಗೆಮನೆಗೆ ನಡೆದಂತೆ. ಆಗ ಅವರು ಮುಖ ಗಂಟುಹಾಕುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೋಂಜೂರ್ ಅಂದ ಮೇಲೆ ಇಂಗ್ಲಿಷಿನಲ್ಲೇ ಮುಂದುವರಿ, ಹರಕುಮುರುಕು ಇಂಗ್ಲಿಷಿನಲ್ಲಾದರೂ ಪಾಪ ಸಹಾಯ ಮಾಡುತ್ತಾರೆ. ಬಸ್ಸು ಹತ್ತುವಾಗ ಡ್ರೈವರಿಗೂ ಬೋಂಜೂರ್. ವೈದ್ಯರ ಬಳಿ ಕಾಯುವ ಕೋಣೆಗೆ ಹೊಸಬರು ಬಂದರೆ ಕೂತಿದ್ದವರೆಲ್ಲರಿಗೂ ಸೇರಿಸಿ ಒಂದು ಬೋಂಜೂರ್ ಹೇಳಿಯೇ ಕುಳಿತುಕೊಳ್ಳುತ್ತಾರೆ. ಸಂಜೆಯಾದ ಮೇಲೆ 'ಬೋನ್‌ಸ್ವಾರ್'. ಏನೂ ಕೊಳ್ಳದೆ ಹೊರಟರೂ 'ಮೆರ್ಸಿ, ಓ ರೆವ್ವಾರ್' ಅಂತ ಹೇಳಿ ಹೊರಡು. ಏನಾದರೂ ಕೇಳುವಾಗ ಕೊನೆಗೆ 'ಸಿಲ್ ವೂ ಪ್ಲೇ' ಸೇರಿಸು, ಯಾರಿಗಾದರೂ ಮೈ ತಾಗಿದರೆ 'ಪಾರ್ದೋಂ' ಅನ್ನು. ಇಷ್ಟು ಬಾಯಿಗೆ ಬಂದರೆ ಪ್ರವಾಸಕ್ಕೆ ಸಾಕು. ಇನ್ನೂ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ಹೊರಡುವ ಮೊದಲು ಸೇರಿಕೊಳ್ಳಬಹುದು.

ನೀನು–ನೀವು ಅನ್ನುವ ಭೇದ ಅವರಲ್ಲೂ ಇದೆ. ಪರಿಚಯವಿಲ್ಲದ ದೊಡ್ಡವರಿಗೆಲ್ಲ 'ವೂ', ಅಂದರೆ ನೀವು. 'ತ್ಯು' ಅನ್ನುವುದನ್ನು ಅವರಾಗಿ ಶುರುಮಾಡುವ ತನಕ ಬಾಯಿಗೆ ತರಬೇಡ. ಕೆನ್ನೆಗೆ ಕೆನ್ನೆ ತಾಗಿಸುವ 'ಬೀಸ್' ಸ್ನೇಹಿತರ, ಮನೆಯವರ ನಡುವಿನದು. ಊರಿಂದೂರಿಗೆ ಅದು ಎರಡೋ ಮೂರೋ, ಯಾವ ಕೆನ್ನೆ ಮೊದಲೋ ಬದಲಾಗುತ್ತದೆ. ಹೊಸ ಪರಿಚಯಕ್ಕೆ ಕೈಕುಲುಕುವುದು ಸಾಕು. ನಿನಗೆ ಬೀಸ್ ಇಷ್ಟವಿಲ್ಲದಿದ್ದರೆ ಮೊದಲೇ ಕೈ ಮುಂದೆ ಚಾಚು, ಯಾರೂ ಬೇಸರಪಡುವುದಿಲ್ಲ.

ಸಂತೆಯ ವಿಷಯ ಹೇಳಬೇಕು, ಏಕೆಂದರೆ ಫ್ರಾನ್ಸಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದೇ. ಲಿಯೋಂನಲ್ಲಿ ಸೋನ್ ನದಿಯ ದಂಡೆಯ ಉದ್ದಕ್ಕೂ, ಕೇ ಸೇಂಟ್ ಆಂತ್ವಾನ್ ಅನ್ನುವ ಕಡೆ, ಸೋಮವಾರ ಬಿಟ್ಟು ದಿನಾ ಬೆಳಿಗ್ಗೆ ತರಕಾರಿ ಸಂತೆ ಕೂಡುತ್ತದೆ. ನಮ್ಮಲ್ಲಿ ಬೆಂಡೆಕಾಯಿಯ ತುದಿ ಮುರಿದು, ಟೊಮೆಟೊ ಹಿಚುಕಿ, ಆರಿಸಿ ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ಅಲ್ಲಿ ಹಣ್ಣಿಗೆ ಕೈ ಹಾಕುವ ಹಾಗಿಲ್ಲ, ಮಾರುವವರೇ ಆರಿಸಿ ಕೊಡುತ್ತಾರೆ. ಬೇಸಿಗೆಯಲ್ಲಿ ಕರಬೂಜ ಕೇಳಿದರೆ ಅಂಗಡಿಯವಳು ಮೊದಲು ಕೇಳುವುದು ಇವತ್ತಿಗೋ ನಾಳೆಗೋ ಅಂತ. ಇವತ್ತು ಸಂಜೆಗೆ ಅಂದರೆ ಒಂದೊಂದನ್ನೇ ಎತ್ತಿ, ಕೈಯಲ್ಲಿ ತೂಕ ನೋಡಿ, ಬುಡವನ್ನು ಮೂಗಿನ ಹತ್ತಿರ ಹಿಡಿದು, ತೊಟ್ಟಿನ ಸುತ್ತ ಬೆರಳಾಡಿಸಿ ಸಣ್ಣ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾಳೆ. ತೊಟ್ಟು ಬಿರಿದಿದ್ದರೆ ಹಣ್ಣು ಅವತ್ತಿಗೇ ಹದ. ನಾಳೆಗೆ ಅಂದರೆ ಅದನ್ನು ಕೆಳಗಿಟ್ಟು ಬೇರೆಯದನ್ನು ಹುಡುಕುತ್ತಾಳೆ. ಹಿಂದೆ ಸಾಲಿನಲ್ಲಿ ಐದು ಜನ ಕಾಯುತ್ತಿದ್ದರೂ ಅವಸರವಿಲ್ಲ, ಅವರೂ ತುಟಿಪಿಟಕ್ಕೆನ್ನುವುದಿಲ್ಲ. ತಮ್ಮ ಸರದಿ ಬಂದಾಗ ಅವರಿಗೂ ಅದೇ ಉಪಚಾರ ಸಿಗುತ್ತದೆ ಎಂದು ಗೊತ್ತು. ಚೌಕಾಸಿ ಮಾಡಬೇಡ. 'ಯಾವುದು ಚೆನ್ನಾಗಿದೆ ನೀವೇ ಹೇಳಿ' ಅನ್ನು. ಆ ಮಾತಿಗೆ ಅವರ ಮುಖ ಅರಳುತ್ತದೆ, ಒಂದು ಚೂರು ಕೊಯ್ದು ರುಚಿ ನೋಡಲೂ ಕೊಡುತ್ತಾರೆ.

ಬ್ರೆಡ್ಡಿನ ಅಂಗಡಿಯ ಹಲಗೆಯ ಮೇಲೆ 'ಬೂಲಾಂಜರಿ' ಅಂತ ಬರೆದಿದ್ದರೆ, ಹಿಟ್ಟು ನಾದಿ ಬೇಯಿಸುವ ಕೆಲಸ ಅಲ್ಲೇ ನಡೆಯುತ್ತದೆ ಎಂದರ್ಥ. ಬೇರೆಡೆ ಮಾಡಿದ್ದನ್ನು ತಂದು ಮಾರುವವರು ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ, ಅದಕ್ಕೆ ಕಾನೂನೇ ಇದೆ. ಬರೀ ಬಾಗೆತ್ ಕೇಳಬೇಡ, 'ಯುನ್ ತ್ರಾದಿಸ್ಯೋಂ' ಕೇಳು. 1993ರ ಸರ್ಕಾರಿ ಆದೇಶದ ಪ್ರಕಾರ 'ತ್ರಾದಿಸ್ಯೋಂ' ಬಾಗೆತ್‌ಗೆ ಗೋಧಿಹಿಟ್ಟು, ನೀರು, ಉಪ್ಪು, ಹುದುಗು ಇವೇ ಮುಖ್ಯ. ಕೆಡದಂತೆ ಬೆರೆಸುವ ಪುಡಿಗಳು ಕೂಡದು, ಹಿಟ್ಟನ್ನು ಹೆಪ್ಪುಗಟ್ಟಿಸಿ ಇಡುವುದೂ ಕೂಡದು. ಅದಕ್ಕೇ ಬೆಳಿಗ್ಗೆ ಗರಿಗರಿಯಾಗಿದ್ದದ್ದು ಮಾರನೆ ದಿನಕ್ಕೆ ಕಟ್ಟಿಗೆಯಾಗುತ್ತದೆ. ಜನ ದಿನಕ್ಕೆ ಒಂದು ಸಲವಾದರೂ ಅಂಗಡಿಗೆ ಹೋಗುವುದೂ ಅದಕ್ಕೇ. ಈ ಬಾಗೆತ್ ಮಾಡುವ ಕೈಕಸುಬನ್ನು 2022ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಟ್ಟೆ ಮುಟ್ಟದವರು ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಅದೇ. ಕ್ರೋಸಾನ್‌ಗೆ ಮೇಲೆ ಹೊಳಪು ಬರಲೆಂದು ಮೊಟ್ಟೆ ಸವರುತ್ತಾರೆ, ಕೇಕು ಪೇಸ್ಟ್ರಿಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಮೂಸ್ ಥರದ ಮೆತ್ತನೆಯ ಸಿಹಿಗಳಲ್ಲಿ ಜೆಲಟಿನ್ ಇರಬಹುದು.

ಇನ್ನು ಊಟ. ಇದನ್ನು ನಿಧಾನವಾಗಿ ಓದು, ನಮ್ಮವರು ಹೆಚ್ಚು ಕಷ್ಟಪಡುವುದು ಇಲ್ಲೇ.

ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ರಾತ್ರಿಯದು ಏಳು, ಏಳೂವರೆಗೆ ಶುರು. ಮಧ್ಯೆ ಅಡಿಗೆಮನೆಯ ಬಾಗಿಲು ಮುಚ್ಚಿರುತ್ತದೆ. ಎರಡೂವರೆಗೆ ಹಸಿದುಕೊಂಡು ಹೋಗಿ ಕೂತರೆ ಕಾಫಿ ಬಿಟ್ಟು ಏನೂ ಸಿಗದ ಊರುಗಳೇ ಹೆಚ್ಚು. ಪ್ಯಾರಿಸ್ಸಿನಂಥ ದೊಡ್ಡ ಊರಿನ ಬ್ರಾಸರಿಗಳಲ್ಲಿ 'ಸರ್ವೀಸ್ ಕೊಂತಿನ್ಯು' ಅಂತ ಹಲಗೆ ಇದ್ದರೆ ಇಡೀ ದಿನ ಊಟ ಸಿಗುತ್ತದೆ. ಸುತ್ತಾಟದ ಲೆಕ್ಕವನ್ನು ಊಟದ ಸಮಯಕ್ಕೆ ಹೊಂದಿಸಿಕೊಳ್ಳಿ, ಊಟವನ್ನು ಸುತ್ತಾಟಕ್ಕೆ ಹೊಂದಿಸಲು ಹೋಗಬೇಡಿ. ಅಲ್ಲಿನವರಿಗೆ ಊಟ ಅಂದರೆ ಕೂತು, ಮಾತಾಡುತ್ತ, ಒಂದಾದ ಮೇಲೆ ಒಂದು ಬಡಿಸಿಕೊಂಡು ಮಾಡುವ ಕಾರ್ಯ. ಅವರ ಆ ಊಟದ ಕ್ರಮವನ್ನೇ 2010ರಲ್ಲಿ ಯುನೆಸ್ಕೊ ಮನ್ನಿಸಿದೆ.

ಹೋಟೆಲಿನಲ್ಲಿ ಕೊಡುವ ತಿಂಡಿಪಟ್ಟಿಗೆ 'ಕಾರ್ತ್' ಅನ್ನುತ್ತಾರೆ. 'ಮೆನ್ಯು' ಅಂದರೆ ಒಂದೇ ಬೆಲೆಗೆ ಎರಡು ಮೂರು ಸುತ್ತಿನ ನಿಗದಿ ಊಟ. ಮಧ್ಯಾಹ್ನ ಅದರ ಸಣ್ಣ ರೂಪವಾದ 'ಫಾರ್ಮ್ಯೂಲ್' ಸಿಗುತ್ತದೆ, ರಾತ್ರಿಗಿಂತ ಎಷ್ಟೋ ಅಗ್ಗ. ಒಳ್ಳೆಯ ಹೋಟೆಲಿನ ರುಚಿ ನೋಡಬೇಕಿದ್ದರೆ ಮಧ್ಯಾಹ್ನ ಹೋಗುವುದೇ ಜಾಣತನ. 'ಆಂತ್ರೆ' ಅಂದರೆ ಶುರುವಿನದು, 'ಪ್ಲಾ' ಮುಖ್ಯವಾದದ್ದು. ಚೀಸ್ ಸಿಹಿಗಿಂತ ಮೊದಲು ಬರುತ್ತದೆ. ಕಾಫಿ ಎಲ್ಲ ಮುಗಿದ ಮೇಲೆ, ಹಾಲಿಲ್ಲದೆ. 'ಕಫೆ' ಅಂತ ಕೇಳಿದರೆ ಚಿಕ್ಕ ಕಪ್ಪಿನಲ್ಲಿ ಕಡುಕಪ್ಪು ಎಸ್ಪ್ರೆಸೊ ಬರುತ್ತದೆ. ಬೆಳಿಗ್ಗೆ ಹಾಲಿನ ಕಾಫಿ ಬೇಕಿದ್ದರೆ 'ಕಫೆ ಕ್ರೆಮ್' ಕೇಳು. ಒಂದೇ ಕಾಫಿಗೆ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಇನ್ನೊಂದು ಬೆಲೆ ಇರುವುದುಂಟು. ಬೋರ್ಡು ನೋಡಿಕೊಂಡು ಕೂರಿ.

ನೀರು ಕೇಳುವಾಗ 'ಯುನ್ ಕರಾಫ್ ದೋ' ಅನ್ನು. ನಲ್ಲಿಯ ನೀರನ್ನು ಹೂಜಿಯಲ್ಲಿ ತಂದಿಡುತ್ತಾರೆ. ಊಟಕ್ಕೆ ಕೂತವರಿಗೆ ಅದೂ ಬ್ರೆಡ್ಡೂ ಪುಕ್ಕಟೆ. ಬರೀ ನೀರು ಅಂದರೆ ದುಡ್ಡಿನ ಬಾಟಲಿ ಬಂದೀತು. ದೇಶದ ಎಲ್ಲೆಡೆ ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಂಡು ದುಡ್ಡು ಕಳೆಯಬೇಡಿ. ಊಟ ಮುಗಿದ ಮೇಲೆ ಬಿಲ್ಲು ತಾನಾಗಿ ಬರುವುದಿಲ್ಲ. ಕೂತವರ ಮುಂದೆ ಕೇಳದೆ ಬಿಲ್ಲು ಇಡುವುದೆಂದರೆ ಏಳಿ ಅಂದ ಹಾಗೆ, ಅವರಿಗದು ಸಲ್ಲದ ನಡತೆ. ತಾಸುಗಟ್ಟಲೆ ಕಾದು ಸಿಟ್ಟಾಗುವ ಬದಲು 'ಲಾದಿಸ್ಯೋಂ, ಸಿಲ್ ವೂ ಪ್ಲೇ' ಅನ್ನಿ. ಬಡಿಸಿದವರ ಸೇವೆಯ ಹಣ ಬೆಲೆಯಲ್ಲೇ ಸೇರಿರುತ್ತದೆ. ತುಂಬ ಚೆನ್ನಾಗಿ ನೋಡಿಕೊಂಡರು ಅನ್ನಿಸಿದರೆ ಒಂದೆರಡು ಯೂರೋ ಮೇಜಿನ ಮೇಲಿಡಿ, ಕಡ್ಡಾಯವೇನಲ್ಲ.

ಶಾಕಾಹಾರದ ಮಾತಿಗೆ ಬರೋಣ. 'ನಾನು ವೆಜಿಟೇರಿಯನ್' ಅಂದರೆ ಸಾಲದು. ಹಳೆಯ ಕಾಲದ ಅಡಿಗೆಯವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಸಲಾಡು ಅಂದರೆ ಸೊಪ್ಪಿನ ಮೇಲೆ 'ಲಾರ್ದೋಂ' ಅನ್ನುವ ಹಂದಿಮಾಂಸದ ತುಣುಕು ಉದುರಿಸಿರುತ್ತಾರೆ. ಈರುಳ್ಳಿ ಸೂಪು ಕೇಳಲು ಸಾತ್ವಿಕ, ಆದರೆ ಅದರ ತಿಳಿ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ್ದು. ಕೀಶ್ ಲೊರೇನ್, ಕ್ರೋಕ್ ಮಸ್ಯೂ ಎರಡರಲ್ಲೂ ಹಂದಿ ಇದೆ. ಆದ್ದರಿಂದ ಪೂರ್ತಿ ವಾಕ್ಯವನ್ನೇ ಹೇಳು: 'ಜ ನ ಮಾಂಜ್ ನಿ ವ್ಯಾಂದ್ ನಿ ಪ್ವಾಸೋಂ', ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಅಂತ. ಮೊಟ್ಟೆಯೂ ಬೇಡದಿದ್ದರೆ ಅದನ್ನು ಸೇರಿಸಿ ಫೋನಿನಲ್ಲಿ ಫ್ರೆಂಚಿನಲ್ಲೇ ಬರೆದಿಟ್ಟುಕೊಂಡು ತೋರಿಸು. ಕೂರುವ ಮೊದಲೇ ಕೇಳುವುದು ಒಳ್ಳೆಯದು. ಆರ್ಡರು ಕೊಟ್ಟ ಮೇಲೆ 'ಅದು ತೆಗೆದು ಇದು ಹಾಕಿ' ಅನ್ನುವುದು ಅಲ್ಲಿನ ಬಾಣಸಿಗರಿಗೆ ಹಿಡಿಸುವುದಿಲ್ಲ. ತಟ್ಟೆಯಲ್ಲಿ ಏನಿರಬೇಕು ಅನ್ನುವುದು ತಮ್ಮ ವಿದ್ಯೆ ಎಂದು ಅವರ ಭಾವನೆ.

ಚೀಸಿನ ವಿಷಯವನ್ನು ನಮ್ಮವರಲ್ಲಿ ಬಹಳ ಜನ ಯೋಚಿಸುವುದೇ ಇಲ್ಲ. ಕಾಂತೆ, ರೋಕ್‌ಫೋರ್, ನಾರ್ಮಂಡಿಯ ಕಮಾಂಬೇರ್ ಇಂಥ ಹೆಸರುವಾಸಿ ಚೀಸುಗಳಿಗೆ ಹಾಲು ಒಡೆಸುವುದು 'ಪ್ರೆಸ್ಯೂರ್' ಹಾಕಿ. ಅದು ಎಳೆಗರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು. ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು, ಗೊತ್ತಿದ್ದು ನಿರ್ಧಾರ ಮಾಡು ಅಂತ ಹೇಳುತ್ತಿದ್ದೇನೆ.

ಹಾಗಂತ ಉಪವಾಸ ಇರಬೇಕಾಗಿಲ್ಲ. ದಕ್ಷಿಣದ ರತಾತೂಯ್ ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ ಆಲಿವ್ ಎಣ್ಣೆಯಲ್ಲಿ ಹದವಾಗಿ ಬೆಂದದ್ದು. ನೀಸ್ ಊರಿಗೆ ಹೋದರೆ 'ಸೊಕ್ಕಾ' ತಿನ್ನದೆ ಬರಬೇಡಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಕರಿದ ಹಾಗೆ, ನಡುವೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಬಿಸಿಬಿಸಿಯಾಗಿ ಕೈಯಲ್ಲೇ ತಿನ್ನುವುದು ಅಲ್ಲಿನ ಪದ್ಧತಿ. ಬ್ರಿಟನಿಯ 'ಗಲೆತ್' ಹುರುಳಿಯ ಬಣ್ಣದ ತೆಳು ರೊಟ್ಟಿ, ಬಕ್‌ವೀಟ್ ಹಿಟ್ಟಿನದು. ಬರೀ ಚೀಸು, ಅಣಬೆ ಹಾಕಿಸಿಕೊಳ್ಳಬಹುದು. ಪ್ಯಾರಿಸ್ಸಿನ ಮಾರೆ ಬಡಾವಣೆಯಲ್ಲಿ ರ್ಯು ದೆ ರೋಸಿಯೆ ಅನ್ನುವ ಯಹೂದಿ ಬೀದಿಯಿದೆ, ಅಲ್ಲಿ ಫಲಾಫೆಲ್ ಹೊಟ್ಟೆತುಂಬ. ನಾಲಗೆಗೆ ಸಾಂಬಾರೇ ಬೇಕು ಅನ್ನಿಸಿದ ದಿನ ಗಾರ್ ದು ನೋರ್ ನಿಲ್ದಾಣದಿಂದ ಲಾ ಶಪೆಲ್ ಕಡೆಗೆ ನಡೆಯಿರಿ. ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳರ ಅಂಗಡಿಗಳ ಸಾಲು. ದೋಸೆ, ಇಡ್ಲಿ, ಬಾಳೆ ಎಲೆ, ಮಲ್ಲಿಗೆ ಹೂವು ಎಲ್ಲ ಇದೆ. ಅಲ್ಲೇ ಹತ್ತಿರ ರ್ಯು ಪಾಜೋಲ್‌ನಲ್ಲಿ ಮಾಣಿಕ್ಕ ವಿನಾಯಕರ ಗುಡಿಯೂ ಇದೆ. ಆಗಸ್ಟ್ ಕೊನೆಯ ಸುಮಾರಿಗೆ ಗಣಪತಿಯ ತೇರು ಎಳೆಯುತ್ತಾರೆ, ಬೀದಿಗೆಲ್ಲ ತೆಂಗಿನಕಾಯಿ ಒಡೆಯುತ್ತಾರೆ.

ಸೂಪರ್‌ಮಾರ್ಕೆಟಿನಲ್ಲಿ 'ಯಾವೂರ್ ನತ್ಯೂರ್' ಅನ್ನುವುದು ಸಿಹಿ ಹಾಕದ ಮೊಸರು. ಬೆಂದ ಕಡಲೆ, ಬೇಳೆ ಡಬ್ಬಿಯಲ್ಲಿ ಸಿಗುತ್ತವೆ. ಅಡಿಗೆಮನೆ ಇರುವ ಕೋಣೆ ಹಿಡಿದರೆ ಮೊಸರನ್ನಕ್ಕೆ ಮೋಸವಿಲ್ಲ.

ಅಳಿಯಂದಿರು ಮಾಂಸ ತಿನ್ನುವವರು, ಅವರಿಗೊಂದು ಮಾತು. 'ತಾರ್ತಾರ್' ಅಂದರೆ ಬೇಯಿಸದ ಹಸಿಮಾಂಸ. 'ಸೆಞಾಂ' ಅಂದರೆ ಒಳಗೆ ಇನ್ನೂ ಕೆಂಪು. ನಮ್ಮ ರುಚಿಗೆ 'ಬ್ಯಾಂ ಕ್ವಿ' ಅಂತಲೇ ಹೇಳಬೇಕು. 'ಬಫ್' ದನ, 'ಪೋರ್' ಹಂದಿ, 'ಪೂಲೆ' ಕೋಳಿ, 'ಅಞೋ' ಕುರಿಮರಿ.

ಯಾರಾದರೂ ಮನೆಗೆ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಫ್ರೆಂಚರು ಸುಮ್ಮಸುಮ್ಮನೆ ಮನೆಗೆ ಕರೆಯುವುದಿಲ್ಲ, ಕರೆದರೆ ಮನಸಾರೆ ಕರೆಯುತ್ತಾರೆ. ಹೇಳಿದ ಹೊತ್ತಿಗಿಂತ ಹತ್ತು ಹದಿನೈದು ನಿಮಿಷ ತಡವಾಗಿ ಹೋಗುವುದು ಮರ್ಯಾದೆ. ಮುಂಚೆ ಹೋದರೆ ಅಡಿಗೆ ಮಾಡುತ್ತಿರುವವರಿಗೆ ಗಡಿಬಿಡಿ. ಕೈಯಲ್ಲಿ ಹೂವೋ ಚಾಕೊಲೇಟೋ ಇರಲಿ. ಹೂವಿನ ಅಂಗಡಿಯಲ್ಲಿ ಹಳದಿ ಸೇವಂತಿಗೆ ಕಂಡು ನಿನಗೆ ಖುಷಿಯಾದೀತು, ಆಯುಧಪೂಜೆ ನೆನಪಾದೀತು. ಕೊಳ್ಳಬೇಡ. ಅಲ್ಲಿ ನವೆಂಬರ್ 1ರ ಸುಮಾರಿಗೆ ತೀರಿಹೋದವರ ಗೋರಿಗಳ ಮೇಲೆ ಇಡುವ ಹೂವು ಸೇವಂತಿಗೆ. ಆ ವಾರ ಅಂಗಡಿಗಳ ಮುಂದೆ ಸಾಲು ಸಾಲು ಕುಂಡಗಳು ನಿಂತಿರುತ್ತವೆ, ಅವೆಲ್ಲ ಸ್ಮಶಾನಕ್ಕೆ ಹೋಗುವಂಥವು. ಗುಲಾಬಿಯೋ ಟ್ಯೂಲಿಪ್ಪೋ ಒಯ್ಯಿ.

ಮೇಜಿನ ಮುಂದೆ ಕೂತಾಗ ಕೈಗಳನ್ನು ತೊಡೆಯ ಮೇಲೆ ಬಚ್ಚಿಡಬಾರದು, ಮಣಿಕಟ್ಟು ಮೇಜಿನಂಚಿಗೆ ಕಾಣುವಂತಿರಬೇಕು. ಮನೆಯವರು ಶುರುಮಾಡಿದ ಮೇಲೆ ಶುರುಮಾಡು. ಬ್ರೆಡ್ಡನ್ನು ತಟ್ಟೆಯ ಪಕ್ಕ ಮೇಜಿನ ಬಟ್ಟೆಯ ಮೇಲೇ ಇಡುತ್ತಾರೆ, ಕಚ್ಚಿ ತಿನ್ನದೆ ಕೈಯಲ್ಲಿ ಮುರಿದು ತಿನ್ನುತ್ತಾರೆ. ಅದನ್ನು ಬೋರಲು ಹಾಕಿದರೆ ಅಪಶಕುನ ಎಂದು ಹಿರಿಯರು ತಕ್ಷಣ ತಿರುಗಿಸಿಡುತ್ತಾರೆ. ಬ್ರೀ ಥರದ ತ್ರಿಕೋನದ ಚೀಸು ಬಂದಾಗ ಅದರ ಚೂಪು ಮೂತಿಯನ್ನು ಕತ್ತರಿಸಿಕೊಳ್ಳಬೇಡ. ಎಲ್ಲರೂ ಬಯಸುವ ಭಾಗ ಅದೇ, ಎಲ್ಲರಿಗೂ ಪಾಲು ಸಿಗುವಂತೆ ಉದ್ದಕ್ಕೆ ಕೊಯ್ಯಬೇಕು. ವೈನು ಬೇಡದಿದ್ದರೆ 'ನೋಂ ಮೆರ್ಸಿ' ಅಂದು ನೀರಿನ ಲೋಟವನ್ನೇ ಎತ್ತು. 'ಸಾಂತೆ' ಅನ್ನುವಾಗ ಎದುರಿನವರ ಕಣ್ಣು ನೋಡುವುದು ಮಾತ್ರ ಮರೆಯಬೇಡ. ಸಂಬಳ ಎಷ್ಟು, ಬಾಡಿಗೆ ಎಷ್ಟು, ಮಕ್ಕಳು ಯಾಕಿಲ್ಲ, ಯಾವ ಧರ್ಮ ಅಂತೆಲ್ಲ ಕೇಳಬಾರದು. ರಾಜಕೀಯ, ಸಿನಿಮಾ, ಪುಸ್ತಕದ ಮೇಲೆ ಎಷ್ಟು ಹೊತ್ತು ಬೇಕಾದರೂ ವಾದಮಾಡಬಹುದು. ದನಿ ಏರುತ್ತದೆ, ನೋಡಿದವರು ಜಗಳ ಅಂದುಕೊಳ್ಳಬೇಕು. ಮರುಗಳಿಗೆಯಲ್ಲಿ ನಗುತ್ತ ಚೀಸು ಕೊಯ್ಯುತ್ತಿರುತ್ತಾರೆ.

ಧರ್ಮದ ಬಗ್ಗೆ ಅವರ ನಿಲುವು ನಮ್ಮದಕ್ಕಿಂತ ಬೇರೆ. 1905ರ ಕಾನೂನಿನಿಂದ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿದ್ದಾರೆ, ದೇವರ ವಿಷಯ ಮನೆಯೊಳಗಿನದು ಎಂಬ ಭಾವನೆ ಗಟ್ಟಿಯಾಗಿದೆ. ನಿನ್ನ ಕುಂಕುಮಕ್ಕೆ, ತಾಳಿಗೆ ಯಾರ ಅಡ್ಡಿಯೂ ಇಲ್ಲ, ಸೀರೆ ಉಟ್ಟರೆ ಮೆಚ್ಚಿ ಮಾತಾಡಿಸುತ್ತಾರೆ. ಮುಖ ಪೂರ್ತಿ ಮುಚ್ಚುವ ಬಟ್ಟೆಗೆ ಮಾತ್ರ 2010ರ ಕಾನೂನಿನ ನಿಷೇಧವಿದೆ.

ಓಡಾಟಕ್ಕೆ ರೈಲು ಬಹಳ ಚೆನ್ನಾಗಿದೆ. ಪ್ಯಾರಿಸ್–ಲಿಯೋಂ ನಡುವೆ ಟಿಜಿವಿ ಅನ್ನುವ ವೇಗದ ರೈಲು ಓಡಲು ಶುರುವಾದದ್ದು 1981ರಲ್ಲಿ. ಈಗ ಎರಡು ತಾಸಿನ ದಾರಿ. ಟಿಕೆಟ್ ಮುಂಚೆ ಕೊಂಡಷ್ಟೂ ಅಗ್ಗ. ಪ್ಯಾರಿಸ್ಸಿನಲ್ಲಿ ಎಲ್ಲ ರೈಲೂ ಒಂದೇ ಕಡೆಯಿಂದ ಹೊರಡುವುದಿಲ್ಲ: ಲಿಯೋಂ, ಮಾರ್ಸೇಲ್, ನೀಸ್‌ಗೆ ಗಾರ್ ದ ಲಿಯೋಂ, ಬೋರ್ದೋ, ಬ್ರಿಟನಿಗೆ ಮೋಂಪಾರ್ನಾಸ್, ಸ್ಟ್ರಾಸ್‌ಬರ್ಗ್‌ಗೆ ಗಾರ್ ದ ಲೆಸ್ಟ್. ಪ್ಲಾಟ್‌ಫಾರಂ ನಂಬರು ಹೊರಡುವುದಕ್ಕೆ ಸುಮಾರು ಇಪ್ಪತ್ತು ನಿಮಿಷ ಮೊದಲಷ್ಟೇ ಬೋರ್ಡಿಗೆ ಬರುತ್ತದೆ, ಬಾಗಿಲು ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ಓಡಿ ಬಂದು ಹತ್ತುವ ಮಾತೇ ಇಲ್ಲ. ಕೆಲವು ಸಲ ಎರಡು ರೈಲು ಜೋಡಿಸಿ ಹೊರಡಿಸಿ ಮಧ್ಯದಲ್ಲಿ ಬೇರೆಬೇರೆ ಊರಿಗೆ ಬಿಡುತ್ತಾರೆ, ಆದ್ದರಿಂದ ಬೋಗಿಯ ನಂಬರು ನೋಡಿಯೇ ಹತ್ತಿ. ಟಿಜಿವಿಯಲ್ಲಿ ಒಬ್ಬರಿಗೆ ಎರಡು ಸೂಟ್‌ಕೇಸು, ಒಂದು ಕೈಚೀಲ. ಪ್ರತಿಯೊಂದಕ್ಕೂ ಹೆಸರಿನ ಚೀಟಿ ಕಟ್ಟಿರಬೇಕು. ಫೋನಿನಲ್ಲಿ ಮಾತಾಡಬೇಕಿದ್ದರೆ ಎದ್ದು ಬಾಗಿಲ ಬಳಿಗೆ ಹೋಗು. ಸ್ಪೀಕರಿಗೆ ಹಾಕಿ ನಿಮ್ಮಮ್ಮನೊಡನೆ ಹರಟಲು ಅದು ಜಾಗವಲ್ಲ.

ಮೆಟ್ರೊಗೆ ನಾವಿಗೊ ಈಸಿ ಅನ್ನುವ ಕಾರ್ಡು ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ವಿಮಾನ ನಿಲ್ದಾಣದ ಟಿಕೆಟ್ಟೇ ಬೇರೆ, ಸಾದಾ ಟಿಕೆಟ್ಟಿನಲ್ಲಿ ಆರ್‌ಇಆರ್ ರೈಲು ಹತ್ತಿ ಚಾರ್ಲ್ಸ್ ದ ಗೋಲ್ ತನಕ ಹೋದರೆ ದಂಡ ಬೀಳುತ್ತದೆ. ಹಳೆಯ ಮೆಟ್ರೊ ಬೋಗಿಗಳ ಬಾಗಿಲು ತಾನಾಗಿ ತೆರೆಯುವುದಿಲ್ಲ. ಹಿಡಿಕೆ ಎತ್ತಬೇಕು ಅಥವಾ ಗುಂಡಿ ಒತ್ತಬೇಕು. ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಕೂತಿದ್ದರೆ ಜನ ತುಂಬಿದಾಗ ಎದ್ದು ನಿಲ್ಲುವುದು ಪದ್ಧತಿ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ನಡೆಯುವವರದು. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಗೆ ನಿಗದಿ ದರ ಇದೆ. ಅಧಿಕೃತ ಸಾಲಿನಲ್ಲಿ ನಿಂತೇ ಹತ್ತಿ, ಒಳಗೇ ಬಂದು 'ಟ್ಯಾಕ್ಸಿ, ಟ್ಯಾಕ್ಸಿ' ಅನ್ನುವವರ ಹಿಂದೆ ಹೋಗಬೇಡಿ.

ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಆಗಸ್ಟಿನಲ್ಲಿ ಊರಿಗೆ ಊರೇ ರಜೆಗೆ ಹೋಗುತ್ತದೆ, ನೀವು ಆಸೆಪಟ್ಟ ಹೋಟೆಲು ಮುಚ್ಚಿರಲೂಬಹುದು. ಸಂಬಳದ ರಜೆ ಅಲ್ಲಿ ಹೋರಾಡಿ ಪಡೆದ ಹಕ್ಕು. 1936ರಲ್ಲಿ ಎರಡು ವಾರವಾಗಿ ಬಂದದ್ದು ಈಗ ಐದು ವಾರವಾಗಿದೆ. ಮುಷ್ಕರವೂ ಹಾಗೆಯೇ. 'ಗ್ರೆವ್' ಅನ್ನುವ ಮಾತು ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ. ಮುಂಚಿತವಾಗಿ ನೋಟಿಸು ಕೊಟ್ಟೇ ಮಾಡುತ್ತಾರೆ, ಯಾವ ರೈಲು ಓಡುತ್ತದೆ ಎಂಬುದು ಹಿಂದಿನ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ವಿಮಾನ ಹಿಡಿಯುವ ಹಿಂದಿನ ರಾತ್ರಿ ಮಾತ್ರ ಪ್ಯಾರಿಸ್ಸಿನಲ್ಲೇ ಇರುವಂತೆ ಲೆಕ್ಕ ಹಾಕಿಕೊಳ್ಳಿ.

ಲೂವ್ರ್‌ಗೆ ಮಂಗಳವಾರ ರಜೆ. ಓರ್ಸೆ ಮ್ಯೂಸಿಯಂಗೂ ವರ್ಸೈ ಅರಮನೆಗೂ ಸೋಮವಾರ. 2026ರ ಜನವರಿಯಿಂದ ಲೂವ್ರ್‌ನಲ್ಲಿ ಯೂರೋಪಿನ ಹೊರಗಿನವರಿಗೆ ಟಿಕೆಟ್ಟು 32 ಯೂರೋ ಮಾಡಿದ್ದಾರೆ. ಹಾಗಾಗಿ ಒಂದು ಗಂಟೆಯಲ್ಲಿ ಮೋನಾಲಿಸಾ ಮುಂದೆ ಫೋಟೊ ತೆಗೆಸಿಕೊಂಡು ಓಡಿಬರುವುದಕ್ಕೆ ಹೋಗಬೇಡಿ, ಅರ್ಧ ದಿನವಾದರೂ ಇಡಿ. 2019ರ ಬೆಂಕಿಯಲ್ಲಿ ಸುಟ್ಟ ನೋತ್ರ್ ದಾಮ್ ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದೆ, ಒಳಗೆ ಹೋಗಲು ದುಡ್ಡಿಲ್ಲ.

ವರ್ಸೈಗೆ ಹೋದಾಗ ಹರ್ಕ್ಯುಲಿಸ್‌ನ ಸಭಾಂಗಣದಲ್ಲಿ ಎಲ್ಲರೂ ತಲೆಯೆತ್ತಿ ಚಾವಣಿಯ ಚಿತ್ರ ನೋಡುತ್ತಿರುತ್ತಾರೆ. ನೀನು ಒಂದು ಗಳಿಗೆ ನಿಂತು ನಮ್ಮ ಶ್ರೀರಂಗಪಟ್ಟಣವನ್ನು ನೆನೆಸಿಕೊ. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಅಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತು ಬ್ರಿಟಿಷರ ವಿರುದ್ಧ ನೆರವು ಕೇಳಿದರು. ಅವರು ಬಯಸಿದ ಸೈನ್ಯದ ನೆರವು ಸಿಗಲಿಲ್ಲ. ಮರುವರ್ಷವೇ ಆ ರಾಜನ ಸಿಂಹಾಸನ ಅಲುಗಾಡಿತು. ಆ ರಾಯಭಾರಿಗಳಲ್ಲೊಬ್ಬನಾದ ಮುಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ರಾಣಿಯ ಚಿತ್ರಗಾರ್ತಿ ಎಲಿಜಬೆತ್ ವಿಜೇ ಲ ಬ್ರನ್ ಅದೇ ವರ್ಷ ಬರೆದಳು. ಪ್ಯಾರಿಸ್ಸಿನ ಜನ ಅವರ ಉಡುಪು ನೋಡಲು ಮುಗಿಬೀಳುತ್ತಿದ್ದರಂತೆ. ಉತ್ತರದ ಲೀಲ್ ಕಡೆಗೆ ಹೋಗುವುದಿದ್ದರೆ ನವ್ ಶಪೆಲ್ ಅನ್ನುವ ಹಳ್ಳಿಯಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸ್ಮಾರಕವೂ ಇದೆ, ಸಮಾಧಿಯೂ ಇಲ್ಲದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳು ಗೋಡೆಯ ಮೇಲಿವೆ. ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. ಹೋಗಬೇಕು.

ಜೇಬುಗಳ್ಳರು ದೊಡ್ಡ ನಿಲ್ದಾಣಗಳಲ್ಲಿ, ಲೂವ್ರ್ ಸುತ್ತ, ಐಫೆಲ್ ಗೋಪುರದ ಬುಡದಲ್ಲಿ ಇರುತ್ತಾರೆ. ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಹತ್ತಿರ ಕೈಗೆ ದಾರ ಕಟ್ಟಲು ಬರುವವರು, ನದಿ ದಂಡೆಯಲ್ಲಿ 'ನಿಮ್ಮ ಚಿನ್ನದ ಉಂಗುರ ಬಿತ್ತು' ಅನ್ನುವವರು, ರುಜು ಹಾಕಿ ಎಂದು ಹಲಗೆ ಹಿಡಿದ ಹುಡುಗಿಯರು ಇವರ ಜೊತೆ ನಿಲ್ಲದೆ ನಡೆಯುತ್ತಿರಿ. ಮಂಗಳಸೂತ್ರವನ್ನು ಬಟ್ಟೆಯೊಳಗೆ ಸೇರಿಸಿಕೊ, ಮೆಟ್ರೊ ಬಾಗಿಲ ಬಳಿ ಫೋನು ಕೈಯಲ್ಲಿ ಹಿಡಿದು ನಿಲ್ಲಬೇಡ. ತುರ್ತು ಬಂದರೆ 112. ಆಂಬುಲೆನ್ಸಿಗೆ 15, ಪೊಲೀಸರಿಗೆ 17. ಸಣ್ಣಪುಟ್ಟ ಜ್ವರ ನೆಗಡಿಗೆ ಹಸಿರು ಶಿಲುಬೆಯ ದೀಪವಿರುವ ಔಷಧಿ ಅಂಗಡಿಗೆ ಹೋಗಿ, ಅಲ್ಲಿನವರು ತಾಳ್ಮೆಯಿಂದ ಕೇಳಿ ಮದ್ದು ಕೊಡುತ್ತಾರೆ. ಶೌಚಾಲಯದಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ, ಕಾಗದ ಮಾತ್ರ. ಚಿಕ್ಕ ಖಾಲಿ ಬಾಟಲಿಯೊಂದು ಚೀಲದಲ್ಲಿರಲಿ. ಪ್ಯಾರಿಸ್ಸಿನ ಬೀದಿಬದಿಯ ಬೂದುಬಣ್ಣದ ಸ್ವಯಂಚಾಲಿತ ಶೌಚಾಲಯಗಳಿಗೆ ದುಡ್ಡಿಲ್ಲ.

ಕಾಗದಪತ್ರ: ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ವಾರಗಳಿಗೆ ಇಟ್ಟುಕೊಳ್ಳಬೇಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಐಫೆಲ್ ಗೋಪುರದ ಟಿಕೆಟ್ಟಿಗೆ 2024ರಿಂದ ಯುಪಿಐ ನಡೆಯುತ್ತದೆ, ಉಳಿದ ಕಡೆ ಕಾರ್ಡು, ಸಂತೆಗೆ ಚಿಲ್ಲರೆ ಯೂರೋ.

ಸಾಮಾನು ಕಟ್ಟುವಾಗ ನಿಮ್ಮಮ್ಮ ತುಪ್ಪದ ಡಬ್ಬಿ, ಪೇಡ, ಕರಿಬೇವಿನ ಕಟ್ಟು ಎಲ್ಲ ತುಂಬಲು ಬರುತ್ತಾಳೆ, ತಡಿ. ಯೂರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಸೊಪ್ಪು, ಹಣ್ಣು, ಗಿಡ ಇವಕ್ಕೆ ಆರೋಗ್ಯ ಪತ್ರ ಬೇಕು. ಮಾವಿನಹಣ್ಣು, ಕರಿಬೇವು ಸಿಕ್ಕರೆ ಅಲ್ಲೇ ಕಿತ್ತು ಕಸಕ್ಕೆ ಹಾಕುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರಕ್ಕೆ ಮಾತ್ರ ಆ ಪತ್ರದಿಂದ ವಿನಾಯಿತಿ ಇದೆ. ದಿನಾ ನುಂಗುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಡಿ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ತೂತಿಗೆ ಕೂರುವುದಿಲ್ಲ, ಅಡಾಪ್ಟರು ಇಲ್ಲೇ ಕೊಳ್ಳಿ. ಮೆಂತ್ಯದ ಹಿಟ್ಟು, ಹುರಿಗಡಲೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಲು ಅಡ್ಡಿಯಿಲ್ಲ. ಹೊರಡುವ ಹಿಂದಿನ ಭಾನುವಾರ ಇಬ್ಬರೂ ಮನೆಗೆ ಬನ್ನಿ, ಅದನ್ನೆಲ್ಲ ನಾನೇ ಮಾಡಿ ಡಬ್ಬಿಗೆ ತುಂಬಿಕೊಡುತ್ತೇನೆ.